ವಿಜಯವಾಡಕ್ಕೆ ಒಯ್ದ ಕೊಬ್ಬರಿ ಎಣ್ಣೆ

ಫೋನಿನಲ್ಲಿ ಬರೆಯುವುದನ್ನು ಈಚೆಗೆ ಕಲಿತಿದ್ದೇನೆ. ಬಲಗೈ ತೋರುಬೆರಳೊಂದೇ ಕೆಲಸ ಮಾಡುತ್ತದೆ, ಮಿಕ್ಕವು ನೋಡುತ್ತಾ ಕೂತಿರುತ್ತವೆ. ಒಂದು ಮಾತು ಒತ್ತುವಷ್ಟರಲ್ಲಿ ಮುಂದಿನ ಮಾತು ಯಾವುದೆಂದು ಫೋನೇ ಹೇಳಿಬಿಡುತ್ತದೆ. ತೀರಿಹೋದ ನಮ್ಮ ಯಜಮಾನರೂ ಹೀಗೇ ಇದ್ದರು. ಅವರಿಗೆ ಎದುರು ಹೇಳಲಾಗಲಿಲ್ಲ, ಫೋನಿಗೆ ಹೇಳುತ್ತೇನೆ: ಸುಮ್ಮನಿರು, ನನ್ನ ಮಾತು ನಾನೇ ಮುಗಿಸುತ್ತೇನೆ.

ಪ್ರವಾಸ ಎಂದರೆ ನೀವು ಸಿಂಗಾಪುರ, ಸ್ವಿಟ್ಜರ್ಲೆಂಡ್ ಅಂದುಕೊಂಡಿದ್ದರೆ ಪುಟ ತಿರುಗಿಸಿ. ತಿಪಟೂರಿನ ನನಗೆ ಭಾಷೆ ಬದಲಾದ ಕಡೆಯೆಲ್ಲ ಪರದೇಶವೇ. ನಾನು ಹೋದದ್ದು ವಿಶಾಖಪಟ್ಟಣಕ್ಕೆ, ಅಲ್ಲಿಂದ ವಿಜಯವಾಡಕ್ಕೆ. ಮೊಮ್ಮಗಳನ್ನು ನೋಡಲು ಹೋದವಳು ಅವಳ ಕೆಲಸ ನೋಡಿ ಬಂದೆ.

ರೈಲು

ತಿಪಟೂರಿನವರು ನೆಂಟರ ಮನೆಗೆ ಕೊಬ್ಬರಿ ಎಣ್ಣೆ ಇಲ್ಲದೆ ಹೋದರೆ ಊರಿಗೇ ಅವಮಾನ. ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ದೊಡ್ಡ ಬಾಟಲಿಗೆ ತುಂಬಿಸಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಸೀರೆಗಳ ಮಧ್ಯೆ ಮಲಗಿಸಿದ್ದೆ. ಎಸಿ ಬೋಗಿಯ ಚಳಿಗೆ ಎಣ್ಣೆ ಬೆಣ್ಣೆಯಂತೆ ಗಟ್ಟಿಯಾಯಿತು. ಬೆಳಿಗ್ಗೆ ತೆಗೆದು ನೋಡುತ್ತಿದ್ದರೆ ಎದುರು ಸೀಟಿನ ತೆಲುಗು ಹೆಂಗಸು, "ಅಮ್ಮಾ, ತುಪ್ಪವಾ?" ಎಂದು ಕೇಳಿದಳು. ಹೌದು ಎಂದೆ. ಹಾಗೆ ಹೇಳಿದ್ದಕ್ಕೆ ಕಾರಣವೇನೂ ಇಲ್ಲ, ನೋಡೋಣ ಅನ್ನಿಸಿತು ಅಷ್ಟೆ. ಆಕೆ ಇಡ್ಲಿಯ ಮೇಲೆ ಸ್ವಲ್ಪ ಹಾಕಿಸಿಕೊಂಡು, ಬಾಯಿಗಿಟ್ಟು, ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗೋಂಗೂರ, ಅಂದರೆ ನಮ್ಮ ಪುಂಡಿಸೊಪ್ಪಿನ, ಚಟ್ನಿಯ ಡಬ್ಬಿಯನ್ನೇ ನನ್ನ ಮಡಿಲಿಗಿಟ್ಟಳು. ಅವಳ ಹೆಸರು ನನಗೆ ಗೊತ್ತಾದದ್ದು ಇಳಿಯುವಾಗ. ನಾವಾದರೆ ಹೆಸರು, ಮನೆತನ, ಮಕ್ಕಳೆಷ್ಟು ಎಂದೆಲ್ಲ ವಿಚಾರಿಸಿ ಆಮೇಲೆ ಡಬ್ಬಿ ಬಿಚ್ಚುತ್ತೇವೆ.

ನನಗೆ ತೆಲುಗು ನಮ್ಮ ಬೀದಿಯ ಬಳೆ ಶೆಟ್ಟರ ಮನೆಯಿಂದ ಬಂದದ್ದು. ಮುಕ್ಕಾಲು ತಿಳಿಯುತ್ತದೆ, ಮಿಕ್ಕದ್ದಕ್ಕೆ ತಲೆ ಆಡಿಸುತ್ತೇನೆ. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಕನ್ನಡದಲ್ಲೇ ಬರೆದಿದ್ದೇನೆ.

ಎಂವಿಪಿ ಕಾಲೋನಿ

ವಿಶಾಖಪಟ್ಟಣದ ಸೆಕೆಗೆ ಎಣ್ಣೆ ಕರಗಿ ಸೀರೆಗಳಿಗೆಲ್ಲ ಹರಿದಿತ್ತು. ಈ ಕಾಲೋನಿಯಲ್ಲಿರುವ ನನ್ನ ಮಗಳು ಪದ್ಮ ತನ್ನ ಮನೆಯ ಬಾಲ್ಕನಿಯಲ್ಲಿ ಅವನ್ನು ಒಗೆದು ಒಣಹಾಕುತ್ತಾ ಬೈದಳು. ಕೆಳಗೆ ಕೋಚಿಂಗ್ ಸೆಂಟರ್ ಬಿಟ್ಟು ಮಕ್ಕಳು ಸ್ಕೂಟರ್‌ಗಳ ನಡುವೆ ಹೊಳೆಯಂತೆ ಹರಿಯುತ್ತಿದ್ದರು. ನನ್ನ ಸೀರೆಗಳು ಅವರ ತಲೆಯ ಮೇಲೆ ಹಾಯಿಗಳಂತೆ ಉಬ್ಬಿದವು. ಕಡಲು ಕಾಣದ ಬಾಲ್ಕನಿಯಲ್ಲೂ ಕಡಲಗಾಳಿ ಬರುತ್ತದೆ. ಇಡೀ ಕಟ್ಟಡ ಸಂಜೆ ಹೊತ್ತಿಗೆ ಹಗ್ಗ ಬಿಚ್ಚಿಕೊಂಡು ನಿಧಾನವಾಗಿ ಎಲ್ಲಿಗೋ ಹೊರಟಿತು ಎಂದು ನನಗೆ ದಿನವೂ ಅನ್ನಿಸುತ್ತಿತ್ತು.

ಅಳಿಯನ ಕಡೆಯವರು ತೆಲುಗು, ಮಗಳ ಕಡೆಯವರಾದ ನಾವು ಕನ್ನಡ. ಮೊಮ್ಮಗಳು ಸಿಂಧುವಿಗೆ ಕನ್ನಡ ಮನೆಯೊಳಗಿನ ಚಪ್ಪಲಿ. ಹೊಸ್ತಿಲು ದಾಟಿದರೆ ತೆಲುಗು ಹಾಕಿಕೊಳ್ಳುತ್ತಾಳೆ. ನನ್ನನ್ನು ಅಜ್ಜಿ ಅನ್ನುವುದಿಲ್ಲ, ಅಮ್ಮಮ್ಮ ಅನ್ನುತ್ತಾಳೆ. ಒಂದು ಅಮ್ಮನಿಗಿಂತ ಎರಡು ಅಮ್ಮ ಮೇಲಲ್ಲವೇ, ಒಪ್ಪಿಕೊಂಡಿದ್ದೇನೆ.

ಕಡಲದಂಡೆ

ವಿಶಾಖಪಟ್ಟಣದವರು ಒಂದು ಸಬ್‌ಮರೀನನ್ನು ಕಡಲಿನಿಂದ ಎಳೆದು ತಂದು ಮರಳಿನ ಮೇಲೆ ಕೂರಿಸಿಕೊಂಡಿದ್ದಾರೆ. ನಮ್ಮಲ್ಲಿ ಹಳೇ ಎತ್ತಿನ ಗಾಡಿಯನ್ನು ಹೋಟೆಲ್ ಮುಂದೆ ನಿಲ್ಲಿಸುತ್ತಾರಲ್ಲ, ಹಾಗೆ. ಅದರ ಎದುರು ಕೂತು ಮುರಿ ಮಿಕ್ಸ್ಚರ್ ಎಂಬ ಅವರ ಚುರುಮುರಿ ತಿನ್ನುತ್ತಾ ಸಿಂಧುವನ್ನು ಕೇಳಿದೆ: "ನಿನ್ನ ಕೆಲಸ ಏನೇ ನಿಜವಾಗ್ಲೂ? ಕೇಳಿದೋರಿಗೆ ಹೇಳೋಕೆ ನಂಗೆ ಬರಲ್ಲ."

"ನೆರೆ ಬಂದ್ರೆ, ತುಫಾನು ಬಂದ್ರೆ ಜನಕ್ಕೆ ಅಕ್ಕಿ, ಚಾಪೆ ಕೊಡ್ತೀವಲ್ಲ, ಅಲ್ಲಿ ಹೆಂಗಸರ ಮೇಲೆ ಯಾರೂ ಕೈ ಮಾಡದ ಹಾಗೆ ನೋಡ್ಕೊಳ್ಳೋದು. ಮಾಡಿದ್ರೆ ಅವರ ಜೊತೆ ನಿಲ್ಲೋದು. ನೀರಿಗೆ ಮನೆ ಗೋಡೆ ಹೋಗುತ್ತೆ ಅಮ್ಮಮ್ಮಾ. ಗೋಡೆ ಹೋದ್ಮೇಲೆ ಹೆಂಗಸರಿಗೆ ಬೇರೆ ಭಯ ಶುರು."

"ಗೋಡೆ ಇದ್ದಾಗ ಇರಲಿಲ್ವಾ?"

"ಇತ್ತು. ಆಗ ಒಳಗಿನವರದು. ಈಗ ಹೊರಗಿನವರದೂ ಸೇರ್ತು."

ಅವರ ಕೆಲಸದ ಮೊದಲ ನಿಯಮವನ್ನೂ ಹೇಳಿದಳು: ಕೇಳಬಾರದು. ಏನಾಯಿತು, ಯಾರು ಮಾಡಿದರು, ಯಾಕೆ ಸುಮ್ಮನಿದ್ದೆ, ಒಂದೂ ಕೇಳಬಾರದು. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಮುಂದೇನು ಎಂಬುದನ್ನು ಅವರೇ ಹೇಳಬೇಕು. ಹೇಳಿದ್ದು ಅಲ್ಲಿಂದ ಆಚೆ ಹೋಗಬಾರದು.

ನಾನು ಮುರಿ ಮಿಕ್ಸ್ಚರ್ ಕೆಳಗಿಟ್ಟೆ. ಜೀವಮಾನವೆಲ್ಲ ಗಂಡು ಹೆಣ್ಣು ಹುಡುಕಿ ಮದುವೆ ಕೂಡಿಸಿದವಳು ನಾನು. ಕೇಳುವುದೇ ನನ್ನ ಉಸಿರು, ಆಚೆ ಸಾಗಿಸುವುದು ಅದರ ಸುಖ. ಈ ಕೆಲಸಕ್ಕೆ ನನ್ನಷ್ಟು ನಾಲಾಯಕ್ಕು ಆಂಧ್ರದಲ್ಲೇ ಇರಲಿಕ್ಕಿಲ್ಲ.

ಆ ವಾರ ವಿಜಯವಾಡದಲ್ಲಿ ಮಳೆ ಬಿಡಲಿಲ್ಲ. ಊರೊಳಗಿನ ತೊರೆ ಉಕ್ಕಿ ತಗ್ಗಿನ ಬೀದಿಗಳು ಮುಳುಗಿದವು. ಸಿಂಧುವಿಗೆ ಕರೆ ಬಂತು.

"ನಾನೂ ಬತ್ತೀನಿ," ಎಂದೆ.

"ಅಲ್ಲಿ ಕಮೋಡ್ ಇಲ್ಲ ಅಮ್ಮಮ್ಮಾ."

"ನಮ್ಮಮ್ಮಂಗೆ ತಿಪಟೂರಲ್ಲಿ ಇತ್ತೇನೇ?"

ವಿಜಯವಾಡ, ಆಟೋನಗರದ ಪಕ್ಕ

ಆಟೋನಗರವೆಂದರೆ ಲಾರಿಗಳ ಆಸ್ಪತ್ರೆ. ಚಕ್ರವಿಲ್ಲದ ಲಾರಿ, ತಲೆಯಿಲ್ಲದ ಲಾರಿ, ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಾ ಮದುಮಗಳಂತೆ ಕೂತ ಲಾರಿ. ಅದರ ಪಕ್ಕದ ಒಂದು ಶಾಲೆಯಲ್ಲಿ ನೆರೆಯಿಂದ ಬಂದವರು ಇದ್ದರು. ನನ್ನನ್ನು ಸಿಂಧುವಿನ ಗೆಳತಿಯ ಮನೆಯಲ್ಲಿ ಬಿಟ್ಟಿದ್ದರು. ಒಂದು ದಿನ ಸುಮ್ಮನೆ ಕೂತೆ. ಮಾರನೇ ದಿನ ಸಿಂಧುವಿನ ಮೇಲಧಿಕಾರಿಗೇ ಫೋನು ಮಾಡಿ, ಮುದುಕಿ ಕೂಸುಗಳನ್ನಾದರೂ ಎತ್ತಿಕೊಂಡಿರುತ್ತಾಳೆ ಎಂದೆ. ನಿಯಮಗಳನ್ನೆಲ್ಲ ನನಗೆ ಓದಿ ಹೇಳಿ ಒಪ್ಪಿದರು.

ಸಿಂಧು ಅಲ್ಲಿ ಮೊದಲು ಮಾಡಿದ್ದು ಭಾಷಣವಲ್ಲ, ಚಿಲಕ. ಬಚ್ಚಲುಗಳ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳಲು ಏನೂ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಆಟೋನಗರದ ಒಬ್ಬ ಮೇಸ್ತ್ರಿ ಬಂದು ತನ್ನಲ್ಲಿದ್ದದ್ದನ್ನೇ ಹಾಕಿಕೊಟ್ಟ: ಲಾರಿಯ ಹಿಂಬಾಗಿಲಿನ ಚಿಲಕ, ಮೊಣಕೈ ಉದ್ದದ್ದು. ಹಾಕಿದರೆ ಶಾಲೆಯೆಲ್ಲ ಢಣ್ ಎನ್ನುತ್ತಿತ್ತು. ಕೋಟಮ್ಮ ಎಂಬ ದಪ್ಪ ದನಿಯ ಹೆಂಗಸು, ಅಲ್ಲಿನ ಹೆಂಗಸರಿಗೆಲ್ಲ ಯಜಮಾನಿಯಂಥವಳು, "ಇನ್ಮೇಲೆ ಯಾರು ಎಷ್ಟು ಸಲ ಹೋದ್ರು ಅಂತ ಬೆಜವಾಡಕ್ಕೆಲ್ಲ ಗೊತ್ತಾಗುತ್ತೆ ಮಾಮ್ಮಗಾರೂ," ಎಂದಳು. ಅಲ್ಲಿ ಅಜ್ಜಿಯನ್ನು ಮಾಮ್ಮ ಎನ್ನುತ್ತಾರೆ, ಮರ್ಯಾದೆಗೆ ಒಂದು ಗಾರು. ವಿಜಯವಾಡ ಅವರ ಬಾಯಲ್ಲಿ ಬೆಜವಾಡ.

ಅಂಗಳದಲ್ಲಿ ಹೆಂಗಸರಿಗೆಂದೇ ನೀಲಿ ಟಾರ್ಪಾಲಿನ ಗುಡಾರ ಹಾಕಿದ್ದರು. ಒಳಗೆ ಹೋದರೆ ಎಲ್ಲರ ಮುಖವೂ ನೀಲಿ, ಕೈ ನೀಲಿ, ಕೂಸಿನ ಹಲ್ಲೂ ನೀಲಿ. ನೀರಿನಿಂದ ತಪ್ಪಿಸಿಕೊಂಡು ಬಂದವರು ಮತ್ತೆ ಯಾವುದೋ ನೀರಿನ ತಳದಲ್ಲಿ ಮೆಲ್ಲಗೆ ಓಡಾಡುತ್ತಿದ್ದಂತೆ ಕಾಣುತ್ತಿತ್ತು. ಆದರೆ ಬರುತ್ತಿದ್ದವರೇ ಕಡಿಮೆ. ಗುಡಾರದ ಮುಂದೆ ಮಹಿಳೆಯರ ನೆರವು ಎಂದು ತೆಲುಗಿನಲ್ಲಿ ಬೋರ್ಡು, ಅದರ ಎದುರಿಗೇ ಟೀ ಅಂಗಡಿ. ಅಲ್ಲಿ ಕೂತ ಗಂಡಸರಿಗೆ ಬೇರೆ ಕೆಲಸವಿಲ್ಲ, ಯಾರು ಒಳಗೆ ಹೋದರು, ಯಾಕೆ ಹೋದರು ಎಂದು ನೋಡುವುದೊಂದೇ.

ಜಗುಲಿಯ ಕೊನೆಯಲ್ಲಿ, ಎರಚಲು ಬೀಳುವ ಜಾಗದಲ್ಲಿ, ಒಬ್ಬ ಹುಡುಗಿ ಮಗುವನ್ನಿಟ್ಟುಕೊಂಡು ಇರುತ್ತಿದ್ದಳು. ಅವಳನ್ನು ಮಲ್ಲಿ ಎನ್ನೋಣ, ಅದು ಅವಳ ಹೆಸರಲ್ಲ. ಗಂಡ ಸತ್ತು ಬಹಳ ಕಾಲವಾಗಿಲ್ಲ. ಮಗುವಿಗೆ ಕೆಮ್ಮು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಟಾರ್ಪಾಲು ಕಟ್ಟಿಕೊಂಡಿದ್ದರೆ ಇವಳು ಒದ್ದೆ ದುಪ್ಪಟಿ ಕಟ್ಟಿಕೊಂಡಿದ್ದಳು.

"ಪೊಗರು ಮಾಮ್ಮಗಾರೂ," ಎಂದಳು ಕೋಟಮ್ಮ. "ಸ್ಟೋರಿಗೆ ಹೋಗಿ ತಗೊಂಡು ಬಾರೇ ಅಂದ್ರೆ ಹೋಗಲ್ಲ. ಮಗು ಸಾಯ್ಲಿ ಅಂತಾಳೋ ಏನೋ."

ಸ್ಟೋರು ಶಾಲೆಯ ಹಿಂದಿನ ಕೋಣೆ. ಅದರ ಬೀಗದ ಕೈ ಒಬ್ಬನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು. ಕ್ರಾಪು ನೀಟು, ಬಾಯಲ್ಲಿ ಅಕ್ಕ ಅಮ್ಮ ಬಿಟ್ಟು ಮಾತಿಲ್ಲ. ಎಲ್ಲರಿಗೂ ಬೇಕಾದವನು. ಅವನದೊಂದು ಪದ್ಧತಿ: ಗಂಡಸರಿಗೆ ಬಾಗಿಲಲ್ಲೇ ಕೊಡುತ್ತಿದ್ದ. ಗಂಡಸು ಜೊತೆಗಿಲ್ಲದ ಹೆಂಗಸರಿಗೆ, "ಜನ ಹೋಗಲಿ ಅಮ್ಮಾ, ಆಮೇಲೆ ಒಬ್ಬಳೇ ಬಾ. ಒಳಗೆ ಬಂದು ಆರಿಸ್ಕೋ."

ಸಿಂಧು ಅದನ್ನು ಗಮನಿಸಿದ್ದಳು. "ಅವನು ನಮ್ಮವನಲ್ಲ ಅಮ್ಮಮ್ಮಾ, ಬೇರೆ ಸಂಸ್ಥೆಯವನು. ಹೇಳಿದೆ. ಯಾರಾದರೂ ದೂರು ಹೇಳಿದ್ದಾರಾ ಅಂತಾರೆ. ಯಾರೂ ಹೇಳಿಲ್ಲ."

"ಆ ಹುಡುಗೀನ ಕೇಳಿಬಿಡ್ಲಾ?"

"ಕೇಳಬೇಡ."

"ಮಗೂಗೆ ಕೆಮ್ಮು ಕಣೇ."

"ಮಗೂಗೆ ನಮ್ಮ ಟಾರ್ಪಾಲು ಕೊಡೋಕೆ ಹೋದೆ, ಬೇಡ ಅಂದ್ಲು. ಇವಳಿಗೆ ಮಾತ್ರ ಯಾಕೆ ಅಂತ ಜನ ಕೇಳ್ತಾರಂತೆ. ಅವಳನ್ನ ನಾವು ತಳ್ಳಬಾರದು ಅಮ್ಮಮ್ಮಾ. ಬಾಗಿಲು ತೆಗೆದಿಟ್ಟುಕೊಂಡು ಕೂರಬೇಕು, ಅಷ್ಟೇ."

ಬಾಗಿಲು ತೆಗೆದಿಟ್ಟರೆ ಟೀ ಅಂಗಡಿಯವರು ನೋಡುತ್ತಾರಲ್ಲ. ನಾನು ಯೋಚಿಸುತ್ತಾ ಕೂತೆ.

ಪೇರಂಟದ ಮಧ್ಯಾಹ್ನ

ಗಂಡಸರು ತಾವಾಗಿಯೇ ಎದ್ದು ಹೋಗುವಂಥದ್ದು ಏನಿದೆ? ಅರಿಶಿನ ಕುಂಕುಮ. ನಮ್ಮಲ್ಲೂ ಅಷ್ಟೆ, ಅವರಲ್ಲೂ ಅಷ್ಟೆ. ಅವರು ಪೇರಂಟ ಎನ್ನುತ್ತಾರೆ. ಪೇರಂಟ ಎಂದರೆ ಎಂಥಾ ಗಂಡಸೂ ಲುಂಗಿ ಕೊಡವಿ ಜಾಗ ಬಿಡುತ್ತಾನೆ. ನನ್ನ ಉಪಾಯಕ್ಕೆ ಸಿಂಧು ಕುಣಿದಾಡಿದಳು. ಬೋರ್ಡು ಇಳಿಯಿತು. ಕೋಟಮ್ಮ ಎಲ್ಲಿಂದಲೋ ಕುಂಕುಮದ ಬಟ್ಟಲು, ವೀಳ್ಯದೆಲೆ, ಬಾಳೆಹಣ್ಣು ತರಿಸಿದಳು.

ಶುಕ್ರವಾರ ಮಧ್ಯಾಹ್ನ ಗುಡಾರ ತುಂಬಿತು. ಟೀ ಅಂಗಡಿ ಖಾಲಿ. ಒಳಗಿನಿಂದ ಬಳೆಗಳ ಸದ್ದು, ಹಾಡು. ಮಾತಿನ ನಡುವೆ ಸಿಂಧು ಎಲ್ಲರಿಗೂ ಹೇಳುವುದನ್ನು ಹೇಳಿದಳು: ಇಲ್ಲಿ ಕೊಡುವ ಯಾವ ವಸ್ತುವಿಗೂ ಯಾರೂ ಏನನ್ನೂ ಪ್ರತಿಯಾಗಿ ಕೇಳುವ ಹಾಗಿಲ್ಲ, ಕೇಳಿದರೆ ನನಗೆ ಹೇಳಿ, ನಿಮ್ಮ ಹೆಸರು ಆಚೆ ಹೋಗುವುದಿಲ್ಲ. ನಾನು ಹೊರಗೆ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಕೆಲಸ ಗೆದ್ದಿತು ಎಂಬ ಜಂಬದಲ್ಲಿ ಕಾಲಾಡಿಸುತ್ತಿದ್ದೆ.

ಕತ್ತು ತಿರುಗಿಸಿದರೆ ನಲ್ಲಿಯ ಆ ಕಡೆ ಮಲ್ಲಿ ನಿಂತಿದ್ದಳು. ಸೊಂಟದ ಮೇಲೆ ಮಗು.

"ಒಳಗೆ ಹೋಗಲ್ವಾ?" ಎಂದೆ.

ಅವಳು ನನ್ನನ್ನೇ ನೋಡಿದಳು. "ನೀವು ಯಾಕೆ ಹೊರಗೆ ಕೂತಿದ್ದೀರಿ ಮಾಮ್ಮಾ?"

ನನ್ನ ಕಾಲು ನಿಂತಿತು. ನನಗೆ ಯಾರೂ ಹೊರಗಿರು ಎಂದು ಹೇಳಿರಲಿಲ್ಲ. ಅರಿಶಿನ ಕುಂಕುಮ ಶುರುವಾದರೆ ಎದ್ದು ಅಡುಗೆಮನೆಗೋ ಹಿತ್ತಲಿಗೋ ಹೋಗುವುದು ಯಜಮಾನರು ಹೋದಾಗಿನಿಂದ ನನ್ನ ಕಾಲಿಗೇ ರೂಢಿಯಾಗಿತ್ತು. ತಲೆಗೆ ತಿಳಿಸದೆ ಕಾಲು ತಾನೇ ನಡೆದುಕೊಂಡು ಬಂದು ಇಲ್ಲಿ ಕೂರಿಸಿತ್ತು. ಗಂಡಸರನ್ನು ಹೊರಗಿಡುವ ಉಪಾಯ ಹೂಡಿ ನನ್ನನ್ನೂ ಇವಳನ್ನೂ ಹೊರಗಿಟ್ಟಿದ್ದೆ. ಗಂಡಸು ಜೊತೆಗಿಲ್ಲದವರನ್ನೇ ಸ್ಟೋರಿನವನು ಒಬ್ಬಳೇ ಬಾ ಎನ್ನುತ್ತಿದ್ದದ್ದು. ಅಂಥವರೊಬ್ಬರೂ ಗುಡಾರದೊಳಗೆ ಇರಲಿಲ್ಲ.

ನನಗೆ ನಗು ಬಂತು. ಮಲ್ಲಿಗೂ ಬಂತು. ಇಬ್ಬರೂ ನಲ್ಲಿಯ ಎರಡೂ ಕಡೆ ಬಾಯಿಗೆ ಸೆರಗು ಹಿಡಿದು ನಕ್ಕೆವು. ಮಗು ನಮ್ಮನ್ನು ನೋಡಿ ಕೆಮ್ಮುತ್ತಾ ನಕ್ಕಿತು.

ಎಣ್ಣೆ

ಪದ್ಮ ಬೈದು ವಾಪಸ್ಸು ನನ್ನ ಚೀಲಕ್ಕೇ ತುರುಕಿದ್ದ ಎಣ್ಣೆ ಬಾಟಲಿಯನ್ನು ಮಾರನೇ ದಿನ ತೆಗೆದೆ. ಸೀರೆಗಳು ಕುಡಿದು ಉಳಿದದ್ದೂ ಸಾಕಷ್ಟಿತ್ತು. ಕೋಟಮ್ಮನಿಗೆ, "ನಾಳೆಯಿಂದ ದಿನಾ ಮಧ್ಯಾಹ್ನ ಗುಡಾರದಲ್ಲಿ ತಲೆಗೆ ಎಣ್ಣೆ. ಮುತ್ತೈದೆ, ಮುಂಡೆ, ಮಗಳು, ಮುದುಕಿ, ತಲೆ ಇರೋರೆಲ್ಲ ಬರಬಹುದು ಅಂತ ಸಾರು," ಎಂದೆ.

"ಮಾಮ್ಮಗಾರೂ, ಆ ಮಾತು ಆಡಬಾರದು," ಎಂದಳು ಕೋಟಮ್ಮ.

"ನಾನು ಅದೇ ಅಲ್ವೇನೇ? ನನ್ನನ್ನ ನಾನು ಕರ್ಕೊಂಡ್ರೆ ಯಾರಿಗೇನು?"

ಕೋಟಮ್ಮನಿಗೆ ಪೇರಂಟದ ದಿನ ತಾನು ನನ್ನನ್ನು ಕರೆಯದೇ ಹೋದದ್ದು ಆಗ ನೆನಪಾಯಿತು. ಮುಖ ಕೆಂಪಾಯಿತು. ನೆರೆಯ ಕೆಸರು ಹಿಡಿದು ಜಡೆಗಟ್ಟಿದ್ದ ತನ್ನ ತಲೆಯನ್ನೇ ಮೊದಲು ನನ್ನ ಮುಂದೆ ಒಡ್ಡಿದಳು.

ಕೂದಲು ಬಿಚ್ಚಿಕೊಂಡ ಹೆಂಗಸರ ಕಡೆ ನೋಡುತ್ತಾ ಟೀ ಕುಡಿಯಲು ಗಂಡಸರಿಗೂ ನಾಚಿಕೆ. ಬೆಂಚು ತಿರುಗಿಸಿ ಹಾಕಿಕೊಂಡರು. ಗುಡಾರಕ್ಕೆ ಯಾಕೆ ಹೋಗಿದ್ದೆ ಎಂದು ಮನೆಯವರು ಕೇಳಿದರೆ ಉತ್ತರ ತಲೆಯ ಮೇಲೇ ಹೊಳೆಯುತ್ತಿತ್ತು.

ಎಣ್ಣೆಯದೊಂದು ಗುಣ ನನಗೆ ಆಗ ತಿಳಿಯಿತು. ಹಚ್ಚುವವರು ಹಿಂದೆ, ಹಚ್ಚಿಸಿಕೊಳ್ಳುವವರು ಮುಂದೆ. ಮುಖ ನೋಡಬೇಕಾಗಿಲ್ಲ. ನೀಲಿ ಬೆಳಕು, ಮೇಲೆ ಮಳೆಹನಿಯ ತಟತಟ, ತಿಪಟೂರಿನ ಕೊಬ್ಬರಿ ವಾಸನೆ. ಬೆರಳು ನೆತ್ತಿಯ ಮೇಲೆ ಸುತ್ತುತ್ತಿದ್ದಂತೆ ಹೆಗಲು ಇಳಿಯುತ್ತದೆ, ಕತ್ತು ಮೆತ್ತಗಾಗುತ್ತದೆ, ಕೂತಲ್ಲೇ ತೂಕಡಿಕೆ. ಕೆಲವರು ನಿದ್ದೆ ಹೋದರು. ಕೆಲವರು ನಿದ್ದೆಯಲ್ಲಿ ಮಾತಾಡುವವರಂತೆ ಮಾತಾಡಿದರು. ಆಗೆಲ್ಲ ಸಿಂಧು ಪಕ್ಕದಲ್ಲಿ ಬಾಚಣಿಗೆ ತೊಳೆಯುತ್ತಾ ಇರುತ್ತಿದ್ದಳು.

ಮಲ್ಲಿ ಬಂದದ್ದು ಒಂದೆರಡು ದಿನ ಕಳೆದು, ಎಲ್ಲರದೂ ಮುಗಿದ ಮೇಲೆ. ಮಗುವನ್ನು ಸಿಂಧುವಿನ ತೊಡೆಯ ಮೇಲೆ ಬಿಟ್ಟು ನನ್ನ ಮುಂದೆ ಕೂತಳು. ಗಂಡ ಹೋದ ಮೇಲೆ ಯಾರೂ ಮುಟ್ಟದ ತಲೆ. ಕೂದಲು ಒಣಗಿದ ನಾರಿನಂತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದವು. ಹಲ್ಲು ಕಚ್ಚಿ ಎಣ್ಣೆ ತಿಕ್ಕಿದೆ. ನನ್ನ ಮದುವೆಯ ದಿನವೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಿಲ್ಲ.

ಅವಳು ಹೇಳಿದಳು.

ಏನು ಹೇಳಿದಳೆಂಬುದು ಇಲ್ಲಿ ಇಲ್ಲ. ಮುಗಿದ ಮೇಲೆ ಸಿಂಧು ಕೇಳಿದ್ದು ಒಂದೇ: "ನಿಂಗೇನು ಬೇಕು ಅಮ್ಮಾ?"

ಮಲ್ಲಿ ತಿರುಗಿ ಸಿಂಧುವಿನ ಮುಖ ನೋಡಿದಳು. ಅದನ್ನು ಯಾರಾದರೂ ಅವಳನ್ನು ಕೇಳಿದ್ದು ಅದೇ ಮೊದಲಿರಬೇಕು. "ಪೊಲೀಸು ಈಗ ಬೇಡ. ನನ್ನ ಮೈದುನಂದಿರಿಗೆ ಗೊತ್ತಾಗಬಾರದು. ಆ ಕೋಣೆ ಬಾಗಿಲು ಇರಬಾರದು. ಅವನು ಇರಬಾರದು, ಇಲ್ಲೂ, ಇನ್ನೊಂದು ಕಡೆನೂ."

"ಸರೇ," ಎಂದಳು ಸಿಂಧು. "ಮೊದಲ ಮೂರು ನನ್ನ ಕೈಲಿವೆ. ಕೊನೆಯದಕ್ಕೆ ಜಗಳ ಮಾಡ್ತೀನಿ. ಆಗೇ ಆಗುತ್ತೆ ಅಂತ ಸುಳ್ಳು ಹೇಳಲ್ಲ."

ಜಗುಲಿ

ಹೆಸರಿಲ್ಲದೆ ದೂರು ಹೋಯಿತು. ಮಾರನೇ ಬೆಳಿಗ್ಗೆ ಸ್ಟೋರಿನ ಸಾಮಾನೆಲ್ಲ ಹೊರಗೆ ಬಂತು. ಶಾಲೆಯ ಮುಂದಿನ ಜಗುಲಿಯ ಮೇಲೆ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು ಅಕ್ಕಿ, ಸೋಪು, ಟಾರ್ಪಾಲು. ಕೊಡುವವರು ಹೆಂಗಸರು, ಮೇಲ್ವಿಚಾರಣೆ ಕೋಟಮ್ಮನದು. ಬೀಗದ ಕೈ ಅವಳ ಸೊಂಟದಲ್ಲಿ, ಬೀಗ ಹಾಕಲು ಬಾಗಿಲಿಲ್ಲ. ಮೇಸ್ತ್ರಿ ಅದನ್ನು ಕಿತ್ತು ಜಗುಲಿಯ ಮೇಲೆ ಮೇಜು ಮಾಡಿಕೊಟ್ಟಿದ್ದ.

ಬೀಗದ ಕೈ ತಿರುಗಿಸುತ್ತಿದ್ದವನು ಕಾಣಲಿಲ್ಲ. ಒಳ್ಳೇ ಹುಡುಗ, ಅನ್ಯಾಯವಾಗಿ ಕಳಿಸಿದರು ಎಂದು ಟೀ ಅಂಗಡಿಯಲ್ಲಿ ಗೊಣಗಿದರು. ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಯಾರೂ ಗೊಣಗಲಿಲ್ಲ. ಸಂಜೆಯೊಳಗೆ ಇನ್ನೂ ಕೆಲವರು ತಲೆಗೆ ಎಣ್ಣೆ ಬೇಕೆಂದು ಬಂದರು. ಅವರ ತಲೆಗೆ ಎಣ್ಣೆ ಆಗಲೇ ಆಗಿತ್ತು.

ಮಲ್ಲಿ ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ಟಾರ್ಪಾಲು ತೆಗೆದುಕೊಂಡಳು. ಕೋಟಮ್ಮ ಏನೂ ಕೇಳಲಿಲ್ಲ. ಇನ್ನೊಂದನ್ನು ತೆಗೆದು ಮಗುವಿನ ತಲೆಯ ಮೇಲೆ ಹೊದಿಸಿ, "ಇದು ಇವಂದು," ಎಂದಳು.

ಕೃಷ್ಣೆಯ ದಂಡೆ

ಹೊರಡುವ ದಿನ ಮಲ್ಲಿ ನಮ್ಮ ಜೊತೆ ನದಿಯವರೆಗೆ ಬಂದಳು. ನೀರು ಇಳಿದಿತ್ತು. ಆದರೂ ಕೃಷ್ಣೆ ಎಂದರೆ ಆಚೆ ದಡ ಕನಸಿನಂತೆ ದೂರ. ನಮ್ಮ ತಿಪಟೂರಿನ ಕೆರೆ ಅದರ ಮುಂದೆ ಅಂಗೈ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತಿದ್ದಾಗ ಮಲ್ಲಿ ನನ್ನ ಹಿಂದೆ ಬಂದು ಕೂತು ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಅಂಗೈಗೆ ಬಗ್ಗಿಸಿಕೊಂಡಳು. ನನ್ನ ಬಿಳಿ ತಲೆಯ ಮೇಲೆ ಅವಳ ಬೆರಳು ಆಡಿದವು. ನನ್ನ ಹೆಗಲು ಇಳಿಯಿತು. ನೀರಿನ ಮೇಲೆ ಬಿಸಿಲು ನಡೆದುಕೊಂಡು ಹೋಗುತ್ತಿತ್ತು. ನಾನೂ ಏನೇನೋ ಹೇಳಿದೆ. ಯಜಮಾನರ ವಿಷಯ, ಫೋನಿನಲ್ಲೂ ಬರೆಯದ್ದು. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಮಗಾ, ಇದನ್ನೆಲ್ಲ ನಮ್ಮ ಕಡೆಯವರಿಗೆ ಬರೀಲಾ?" ಎಂದೆ.

"ಜಗುಲಿ ಬಗ್ಗೆ ಬರೀರಿ ಮಾಮ್ಮಾ. ಅವನ ಬಗ್ಗೆ ಬರೀರಿ. ನನ್ನದು ಬೇಡ."

ಹಾಗೆಯೇ ಬರೆದಿದ್ದೇನೆ.

ತಿಪಟೂರು

ಬಂದ ವಾರವೇ ನಮ್ಮ ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದೇ ಬೆರಳಿನಲ್ಲಿ ಒತ್ತಿದೆ: ಶುಕ್ರವಾರ ನಮ್ಮ ಮನೇಲಿ ತಲೆಗೆ ಎಣ್ಣೆ, ತಲೆ ಇರುವವರೆಲ್ಲ ಬನ್ನಿ. ಮುದುಕಿಗೆ ಆಂಧ್ರದ ಬಿಸಿಲು ತಾಗಿದೆ ಎಂದು ನಗುವ ಮುಖಗಳು ಬಂದವು. ಆಮೇಲೆ ಅವರೂ ಬಂದರು. ಅಡುಗೆಮನೆಯಲ್ಲಿ ಕೂತಿದ್ದವರನ್ನೂ ನಡುಮನೆಗೆ ಕರೆದೆ.

ಎಣ್ಣೆ ತಿಕ್ಕುತ್ತಾ ಜಗುಲಿಯ ಕತೆ ಹೇಳಿದೆ. ಎಲ್ಲರೂ ಹೋದ ಮೇಲೆ ಎದುರುಮನೆಯ ಸಾವಿತ್ರಿ ಉಳಿದಳು. ಗಟ್ಟಿ ಸಂಸಾರ, ಗಟ್ಟಿ ಬಾಯಿ, ನಾನು ಊರಿಗೆ ಸಾಗಿಸಿದ ಸುದ್ದಿಗಳಲ್ಲಿ ಅರ್ಧ ಅವಳು ಕೊಟ್ಟದ್ದು. ಹತ್ತಿರ ಜರುಗಿ ದನಿ ತಗ್ಗಿಸಿ ಕೇಳಿದಳು: "ಅಲ್ಲಾ ಕಣಕ್ಕಾ, ಆ ಹುಡುಗಿ ನಿಮ್ಮತ್ರ ಏನಂದ್ಲು? ನಂಗೊಬ್ಬಳಿಗೇ ಹೇಳಿ."

"ಜಡೆ ಬಿಚ್ಚು," ಎಂದೆ.

ಅವಳು ನಗುತ್ತಲೇ ನನಗೆ ಬೆನ್ನು ಮಾಡಿ ಕೂತಳು. ಎಣ್ಣೆ ಬಗ್ಗಿಸಿಕೊಂಡೆ. ಹೊರಗೆ ಯಾರದೋ ಮನೆಯ ಕೊಬ್ಬರಿ ಸುಲಿಯುವ ಸದ್ದು. ನೆತ್ತಿಯ ಮೇಲೆ ಬೆರಳು ಸುತ್ತುತ್ತಾ ಸುತ್ತುತ್ತಾ ನಗು ನಿಂತಿತು. ಹೆಗಲು ಇಳಿಯಿತು. ಬಹಳ ಹೊತ್ತಾದ ಮೇಲೆ ಸಾವಿತ್ರಿ, ನಾನು ಇಷ್ಟು ವರ್ಷ ಕೇಳದ ಒಂದು ಸಣ್ಣ ದನಿಯಲ್ಲಿ, "ಅಕ್ಕಾ," ಎಂದಳು.

ಅದೂ ಇಲ್ಲಿ ಇಲ್ಲ.